ಗಾಳಿ ಮೂಸುವ ಹಸಿರು ಪದರ

ಕಾಸರಗೋಡು ಜಿಲ್ಲೆಯ ಬಾಯಾರು, ಎಣ್ಮಕಜೆ, ಪೈವಳಿಕೆ, ಬೇಡಡ್ಕ ಕಡೆಯ ಗುಡ್ಡಗಳಲ್ಲಿ ಸುರಂಗ ಕೊರೆಯುವವರು ಮೇಣದಬತ್ತಿ ಹಚ್ಚುವುದು ಬೆಳಕಿಗಾಗಿ ಮಾತ್ರವಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ಪಿಕ್ಕಾಸು ಬೀಸಲು ಸಾಕಾಗುವಷ್ಟೇ ಅಗಲಕ್ಕೆ ಕೊರೆಯುತ್ತ, ನೀರಿನ ಒಸರು ಸಿಗುವ ತನಕ ಒಳಗೊಳಗೆ ಹೋಗುವ ಕೆಲಸ ಅದು. ಒಳಗೆ ಹೋದಷ್ಟೂ ಗಾಳಿ ಕಡಿಮೆ. ಬತ್ತಿಯ ಉರಿ ಸಣ್ಣಗಾಗಿ ಮಂಕಾಯಿತೆಂದರೆ ಕೆಲಸ ಬಿಟ್ಟು ಹೊರಗೆ ಬರಬೇಕು. ಸುರಂಗ ತೀರ ಉದ್ದವಾದರೆ ಐವತ್ತು ಅರುವತ್ತು ಮೀಟರಿಗೊಂದರಂತೆ ಗುಡ್ಡದ ಮೇಲಿನಿಂದ ನೆಟ್ಟಗೆ ಗಾಳಿಕಂಡಿ ಇಳಿಸುವ ಕ್ರಮವೂ ಇತ್ತು. ಬಾವಿಗೆ ಇಳಿಯುವ ಮೊದಲು ಹಗ್ಗದಲ್ಲಿ ದೀಪ ಇಳಿಸಿ ನೋಡುವ ಹಿರಿಯರು ಈ ಜಿಲ್ಲೆಯ ಊರೂರಿನಲ್ಲಿದ್ದಾರೆ.

ಇದನ್ನು ಮೂಢನಂಬಿಕೆಯ ಪಟ್ಟಿಗೆ ಸೇರಿಸಬೇಕಾಗಿಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇಕಡಾ 21ರ ಹತ್ತಿರ ಇರುತ್ತದೆ. ಅದು 16-17ರ ಆಸುಪಾಸಿಗೆ ಇಳಿದಾಗ ಮೇಣದಬತ್ತಿ ಆರುತ್ತದೆ. ಆ ಮಟ್ಟದಲ್ಲಿ ಮನುಷ್ಯನಿಗೆ ಏದುಸಿರು ಬರುತ್ತದೆ, ಬುದ್ಧಿ ಮಂಕಾಗುತ್ತದೆ; ಶೇಕಡಾ 10ಕ್ಕಿಂತ ಕೆಳಗೆ ಹೋದರೆ ಎಚ್ಚರ ತಪ್ಪುತ್ತದೆ. ಅಂದರೆ ಬತ್ತಿ ಆರುವುದಕ್ಕೂ ಮನುಷ್ಯ ಬೀಳುವುದಕ್ಕೂ ನಡುವೆ ಸ್ವಲ್ಪ ಅವಕಾಶವಿದೆ. ಆ ಅವಕಾಶದಲ್ಲೇ ಎಷ್ಟೋ ಜನ ಬದುಕಿ ಹೊರಗೆ ಬಂದಿದ್ದಾರೆ. ಇಂದಿನ ಕೈಗಾರಿಕಾ ನಿಯಮದ ಪ್ರಕಾರ ಶೇಕಡಾ 19.5ಕ್ಕೇ ಎಚ್ಚರಿಕೆಯ ಗಂಟೆ ಬಾರಿಸಬೇಕು. ಅಷ್ಟು ಸೂಕ್ಷ್ಮ ಬತ್ತಿಗೆ ಇಲ್ಲ.

ಬತ್ತಿಗೆ ಬೇರೆ ಕೊರತೆಗಳೂ ಇವೆ. ಬಾವಿಯೊಳಗೆ ಡೀಸೆಲ್ ಪಂಪು ಇಳಿಸಿ ಓಡಿಸಿದಾಗ ತುಂಬುವ ಕಾರ್ಬನ್ ಮಾನಾಕ್ಸೈಡ್ ಬತ್ತಿಯನ್ನು ಆರಿಸುವುದಿಲ್ಲ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮೀಥೇನ್ ಇದ್ದರಂತೂ ಬತ್ತಿಯೇ ಬೆಂಕಿಯ ಮೂಲ. ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಲ್ಲಿ ಇದೇ ಕಾರಣಕ್ಕೆ 1815ರಲ್ಲಿ ಹಂಫ್ರಿ ಡೇವಿ ಉರಿಯ ಸುತ್ತ ತಂತಿಬಲೆ ಕಟ್ಟಿದ ದೀಪ ತಯಾರಿಸಿದ. ಆಮೇಲೆ ಕಾರ್ಬನ್ ಮಾನಾಕ್ಸೈಡಿನ ಸುಳಿವು ಕೊಡಲು ಗಣಿಗೆ ಕ್ಯಾನರಿ ಹಕ್ಕಿ ಬಂತು, ಅದು ನಿವೃತ್ತಿಯಾದದ್ದು 1986ರಲ್ಲಿ.

ಮೂಗನ್ನು ನಂಬಬಹುದೇ? 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಬಜಪೆ ಬಳಿಯ ಮೀನು ಸಂಸ್ಕರಣಾ ಘಟಕವೊಂದರಲ್ಲಿ ಮೀನಿನ ತ್ಯಾಜ್ಯದ ಟ್ಯಾಂಕಿಗೆ ಇಳಿದ ಒಬ್ಬ ಕಾರ್ಮಿಕ ಕುಸಿದ. ಅವನನ್ನು ಎತ್ತಲು ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಐವರು ಸತ್ತರು. ಕೊಳೆತ ಮೀನಿನಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆಯದು. ಒಂದು ಪಿಪಿಎಂಗಿಂತ ಕಡಿಮೆ ಇದ್ದಾಗಲೇ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲೂ ಇಲ್ಲದಿರುವಾಗಲೇ, ಮೂಗಿಗೆ ತಿಳಿಯುತ್ತದೆ. ಆದರೆ ನೂರು ಪಿಪಿಎಂ ದಾಟಿದರೆ ಅದು ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ನಿಂತಿತು, ಅಪಾಯ ಹೋಯಿತು ಎಂದು ಒಳಗಿದ್ದವನಿಗೆ ಅನಿಸುವುದು ಸಹಜ. ಅಪಾಯ ಹೆಚ್ಚಿದಂತೆ ಸುಮ್ಮನಾಗುವ ಸೆನ್ಸರನ್ನು ಯಾವ ಎಂಜಿನಿಯರೂ ಒಪ್ಪಲಾರ.

ಯಂತ್ರಕ್ಕೆ ಮೂಗು ಕೊಡುವ ಕೆಲಸ ಗಂಭೀರವಾಗಿ ಶುರುವಾದದ್ದು ಜಪಾನಿನಲ್ಲಿ. 1962ರಲ್ಲಿ ಕ್ಯುಶು ವಿಶ್ವವಿದ್ಯಾಲಯದ ತೆತ್ಸುರೊ ಸೇಯಾಮಾ, ಸತುವಿನ ಆಕ್ಸೈಡಿನ ತೆಳುಪದರವನ್ನು ಬಿಸಿಮಾಡಿ ಅದರ ಮೇಲೆ ಅನಿಲ ಹಾಯಿಸಿದರೆ ವಿದ್ಯುತ್ ರೋಧ ಬದಲಾಗುತ್ತದೆಂದು ತೋರಿಸಿದರು. ಅದೇ ವರ್ಷ ನವೊಯೋಶಿ ತಗುಚಿ ತವರದ ಆಕ್ಸೈಡಿನ ಸೆನ್ಸರಿಗೆ ಪೇಟೆಂಟ್ ಅರ್ಜಿ ಹಾಕಿದರು. ಜಪಾನಿನ ಮನೆಗಳಿಗೆ ಆಗಷ್ಟೇ ಸಿಲಿಂಡರ್ ಗ್ಯಾಸು ಬಂದು ಸ್ಫೋಟಗಳು ನಡೆಯುತ್ತಿದ್ದ ಕಾಲ ಅದು. ತಗುಚಿ ಕಟ್ಟಿದ ಫಿಗಾರೊ ಕಂಪನಿ 1969ರಿಂದ ಇವತ್ತಿನವರೆಗೂ ಅದೇ ವ್ಯಾಪಾರದಲ್ಲಿದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟುಗಳಲ್ಲಿ ಕಾಣುವ, ನೂರಿನ್ನೂರು ರೂಪಾಯಿಯ ಎಂಕ್ಯೂ ಸರಣಿಯ ಸೆನ್ಸರುಗಳೂ ಇದೇ ತವರದ ಆಕ್ಸೈಡಿನ ಸಂತತಿ.

ಅದು ಕೆಲಸ ಮಾಡುವ ಬಗೆ ಹೀಗೆ. ತವರದ ಆಕ್ಸೈಡ್ ಅರೆವಾಹಕ. ಮುನ್ನೂರು ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕಾದಾಗ ಗಾಳಿಯ ಆಮ್ಲಜನಕ ಅದರ ಮೈಗೆ ಅಂಟಿಕೊಂಡು ಒಳಗಿನ ಎಲೆಕ್ಟ್ರಾನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ವಿದ್ಯುತ್ ಹರಿಯುವುದು ಕಷ್ಟವಾಗುತ್ತದೆ. ಅಡುಗೆ ಅನಿಲ ಬಂದರೆ ಅದು ಆ ಆಮ್ಲಜನಕದೊಂದಿಗೆ ಸೇರಿ ಉರಿದುಹೋಗುತ್ತದೆ, ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ, ರೋಧ ಇಳಿಯುತ್ತದೆ. ಅಡುಗೆಮನೆಗೆ ಇದು ಒಳ್ಳೆಯ ಕಾವಲುಗಾರ. ಬಾವಿಗೆ ಅಲ್ಲ. ಆಮ್ಲಜನಕವನ್ನೇ ನೆಚ್ಚಿಕೊಂಡಿರುವ ಸೆನ್ಸರನ್ನು ಆಮ್ಲಜನಕವೇ ಇಲ್ಲದ ಕಡೆ ಇಳಿಸಿದರೆ ಅದು ಹೇಳುವ ಅಂಕಿಗೆ ಅರ್ಥವಿಲ್ಲ. ‘ಸ್ಮಾರ್ಟ್ ಬಾವಿ ರಕ್ಷಕ’ದಂಥ ವಿದ್ಯಾರ್ಥಿ ಪ್ರಾಜೆಕ್ಟುಗಳ ಸುದ್ದಿ ಓದುವಾಗ ನನಗೆ ಮೊದಲು ಕೇಳಬೇಕೆನಿಸುವುದು ಇದೇ: ಒಳಗೆ ಯಾವ ಸೆನ್ಸರು?

ಅನಿಲದ ಭಯ ಕಾಸರಗೋಡಿನವರಿಗೆ ಹೊಸದಲ್ಲ. 2012ರ ಆಗಸ್ಟ್‌ನಲ್ಲಿ ದಕ್ಷಿಣಕ್ಕೆ ಕಣ್ಣೂರಿನ ಚಾಲದಲ್ಲಿ, ಮರುವರ್ಷ ಏಪ್ರಿಲ್‌ನಲ್ಲಿ ಉತ್ತರಕ್ಕೆ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ ಊರೇ ಹೊತ್ತಿಕೊಂಡಿತು. ಆ ಎರಡು ಕಡೆಯೂ ಯಾವ ಸೆನ್ಸರೂ ಏನೂ ಮಾಡುವಂತಿರಲಿಲ್ಲ ಎನ್ನುವುದನ್ನು ಒಪ್ಪಿಕೊಳ್ಳಬೇಕು. ಗಾಳಿಯಲ್ಲಿ ಗ್ಯಾಸ್ ಇದೆಯೆಂದು ಎಲ್ಲರಿಗೂ ಗೊತ್ತಿತ್ತು, ಸಮಯ ಇರಲಿಲ್ಲ. 2021ರ ಜನವರಿ 5ರಂದು ಉದ್ಘಾಟನೆಯಾದ, 450 ಕಿಲೋಮೀಟರ್ ಉದ್ದದ ಕೊಚ್ಚಿ-ಮಂಗಳೂರು ಕೊಳವೆಮಾರ್ಗದಲ್ಲಿ ಸಾಗುವ ನೈಸರ್ಗಿಕ ಅನಿಲದ ಮಾತು ಬೇರೆ. ಚಂದ್ರಗಿರಿ ಹೊಳೆಯ ಅಡಿಯಲ್ಲಿ ಕೊಳವೆ ದಾಟಿಸುವುದೇ ಆ ಕಾಮಗಾರಿಯ ಕೊನೆಯ ತೊಡಕಾಗಿತ್ತು. ನೈಸರ್ಗಿಕ ಅನಿಲದ ಮುಖ್ಯ ಅಂಶವಾದ ಮೀಥೇನಿಗೆ ಸ್ವಂತ ವಾಸನೆ ಇಲ್ಲ. ಸಿಲಿಂಡರಿನ ಗ್ಯಾಸಿಗೆ ಈಥೈಲ್ ಮರ್ಕಾಪ್ಟನ್ ಬೆರೆಸುವಂತೆ ಮನೆಮನೆಗೆ ಹೋಗುವ ಅನಿಲಕ್ಕೂ ವಾಸನೆ ಬೆರೆಸಿಯೇ ಕಳುಹಿಸಬೇಕು. ನಿಧಾನವಾಗಿ ಸೋರುವ ಕಡೆ ಸೆನ್ಸರಿಗೆ ಕೆಲಸವಿದೆ.

ತವರದ ಆಕ್ಸೈಡಿನ ಮುಖ್ಯ ತೊಂದರೆ ಅದರ ಬಿಸಿ. ಸದಾ ಹೀಟರ್ ಉರಿಯುತ್ತಿರಬೇಕು, ಬ್ಯಾಟರಿ ಬೇಗ ಮುಗಿಯುತ್ತದೆ. ಕೋಣೆಯ ಉಷ್ಣತೆಯಲ್ಲೇ ಕೆಲಸ ಮಾಡುವ ವಸ್ತು ಬೇಕು ಎಂದು ಹುಡುಕುವವರು ಬಂದು ನಿಂತದ್ದು ಪ್ಲಾಸ್ಟಿಕ್ಕಿನ ಎದುರು. ವಿದ್ಯುತ್ ಹರಿಸುವ ಪ್ಲಾಸ್ಟಿಕ್.

ಆ ಕತೆ ಅನೇಕರಿಗೆ ಗೊತ್ತು. 1967ರಲ್ಲಿ ಟೋಕಿಯೊದಲ್ಲಿ ಹಿದೇಕಿ ಶಿರಾಕಾವಾ ಅವರ ಪ್ರಯೋಗಶಾಲೆಯಲ್ಲಿ ಪ್ರೇರಕವನ್ನು ತಪ್ಪಿ ಸಾವಿರ ಪಟ್ಟು ಹೆಚ್ಚು ಹಾಕಿದ್ದರಿಂದ ಪಾಲಿಅಸಿಟಲೀನ್ ಪುಡಿಯಾಗದೆ ಬೆಳ್ಳಿಯಂತೆ ಹೊಳೆಯುವ ಪದರವಾಯಿತು. ಅದನ್ನು ಕಂಡ ಅಲನ್ ಮ್ಯಾಕ್‌ಡಯರ್ಮಿಡ್, ಶಿರಾಕಾವಾ ಅವರನ್ನು ಅಮೆರಿಕಕ್ಕೆ ಕರೆಸಿಕೊಂಡರು. 1977ರಲ್ಲಿ ಅಲನ್ ಹೀಗರ್ ಜತೆ ಸೇರಿ ಆ ಪದರಕ್ಕೆ ಅಯೋಡಿನ್ ಆವಿ ತಾಗಿಸಿದಾಗ ವಾಹಕತೆ ಕೋಟಿ ಪಟ್ಟು ಏರಿತು. 2000ನೇ ಇಸವಿಯ ರಸಾಯನಶಾಸ್ತ್ರ ನೊಬೆಲ್ ಮೂವರಿಗೂ ಸಂದಿತು. ಈ ಕತೆ ಹೇಳುವವರು ತಪ್ಪಿ ಬಿದ್ದ ಪ್ರೇರಕದ ಹತ್ತಿರವೇ ನಿಂತುಬಿಡುತ್ತಾರೆ. ನನಗೆ ಕುತೂಹಲ ಹುಟ್ಟಿಸುವುದು ಅಯೋಡಿನ್ ಆವಿ. ಒಂದು ಅನಿಲ ತಾಗಿತು, ಒಂದು ಪದರದ ವಿದ್ಯುತ್ ಗುಣ ಬದಲಾಯಿತು. ವಾಹಕ ಪಾಲಿಮರ್ ಹುಟ್ಟಿದ್ದೇ ಅನಿಲ ಪತ್ತೆಯ ಪ್ರಯೋಗದ ರೂಪದಲ್ಲಿ. ಪಾಪ, ಪಾಲಿಅಸಿಟಲೀನ್ ಮಾತ್ರ ಗಾಳಿಯಲ್ಲಿ ಬಾಳುವುದಿಲ್ಲ. ಆಮ್ಲಜನಕ ತಾಗಿ ಕೆಡುತ್ತದೆ.

ಬಾಳುವುದು ಪಾಲಿಅನಿಲೀನ್. ಬಟ್ಟೆಗೆ ಬಣ್ಣ ಹಾಕುವವರು ಹತ್ತೊಂಬತ್ತನೇ ಶತಮಾನದಿಂದಲೇ ಬಲ್ಲ ವಸ್ತು ಇದು. ತಯಾರಿಯೂ ಸುಲಭ. ಅನಿಲೀನನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಮಂಜುಗಡ್ಡೆಯ ಪಾತ್ರೆಯಲ್ಲಿ ತಂಪಾಗಿಟ್ಟು, ಅಮೋನಿಯಂ ಪರ್ಸಲ್ಫೇಟಿನ ದ್ರಾವಣ ಸೇರಿಸಿದರೆ ಸ್ವಲ್ಪ ಹೊತ್ತಿನಲ್ಲಿ ಎಲ್ಲ ನೀಲಿಯಾಗಿ, ಆಮೇಲೆ ಕಡುಹಸಿರಾಗುತ್ತದೆ. ಆ ಹೊತ್ತಿಗೆ ಗಾಜಿನ ಪಟ್ಟಿಯೊಂದನ್ನು ಅದರಲ್ಲಿ ಅದ್ದಿಟ್ಟಿದ್ದರೆ ಗಾಜಿನ ಮೇಲೆ ಹಸಿರು ಪದರ ತಾನಾಗಿ ಕೂರುತ್ತದೆ. ಎಂ.ಎಸ್ಸಿ. ಪ್ರಯೋಗಶಾಲೆಯಲ್ಲಿ ಒಂದು ಮಧ್ಯಾಹ್ನದ ಕೆಲಸ. ಅನಿಲೀನ್ ವಿಷ, ಫ್ಯೂಮ್ ಹುಡ್ ಇಲ್ಲದೆ, ಕೈಗವಸು ಇಲ್ಲದೆ ಮಾಡುವಂಥದ್ದಲ್ಲ.

ಹಸಿರು ರೂಪದಲ್ಲಿ ಪಾಲಿಮರ್ ಸರಪಳಿಯ ಸಾರಜನಕ ಪರಮಾಣುಗಳ ಮೇಲೆ ಆಮ್ಲದಿಂದ ಬಂದ ಪ್ರೋಟಾನುಗಳು ಕೂತಿರುತ್ತವೆ. ಅವು ಇರುವಷ್ಟು ಕಾಲ ಸರಪಳಿಯುದ್ದಕ್ಕೂ ವಿದ್ಯುತ್ ಹರಿಯುತ್ತದೆ. ಅಮೋನಿಯ ಬಂತೆನ್ನಿ. ಅದು ಪ್ರತ್ಯಾಮ್ಲ, ಪ್ರೋಟಾನಿಗೆ ಬಾಯಿಬಿಡುತ್ತಿರುವ ಅಣು. ಪಾಲಿಮರಿನ ಮೈಯಿಂದ ಪ್ರೋಟಾನನ್ನು ಕಿತ್ತುಕೊಂಡು ತಾನು ಅಮೋನಿಯಂ ಆಗುತ್ತದೆ. ಪದರ ಹಸಿರಿನಿಂದ ನೀಲಿಗೆ ತಿರುಗುತ್ತದೆ, ರೋಧ ಏರುತ್ತದೆ. ಪೂರ್ತಿ ಹಸಿರಿಗೂ ಪೂರ್ತಿ ನೀಲಿಗೂ ವಾಹಕತೆಯ ಅಂತರ ಸಾವಿರ ಕೋಟಿ ಪಟ್ಟಿನ ಹತ್ತಿರ. ಹೊಸ ಗಾಳಿ ಹಾಯಿಸಿದರೆ ಅಮೋನಿಯ ಬಿಟ್ಟುಹೋಗುತ್ತದೆ, ಪದರ ಮತ್ತೆ ಹಸಿರಾಗುತ್ತದೆ. ಹೀಟರ್ ಬೇಡ, ದೊಡ್ಡ ಬ್ಯಾಟರಿ ಬೇಡ.

ಪದರ ತೆಳ್ಳಗಿರಬೇಕು ಎನ್ನುವುದಕ್ಕೆ ಕಾರಣ ಹಲಸಿನ ಹಪ್ಪಳ ಮಾಡುವ ಮನೆಯವರಿಗೆ ಗೊತ್ತು: ತೆಳ್ಳಗೆ ತಟ್ಟಿದ್ದು ಬೇಗ ಒಣಗುತ್ತದೆ, ದಪ್ಪದ್ದು ಮೇಲೆ ಒಣಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಅನಿಲವೂ ಹಾಗೆಯೇ, ದಪ್ಪ ಪದರದ ಒಳಗೆ ಇಳಿಯಲು ಹೊತ್ತು ಬೇಕು, ಹೊರಬರಲು ಇನ್ನೂ ಹೊತ್ತು ಬೇಕು. ಲಾಸ್ ಏಂಜಲೀಸ್‌ನಲ್ಲಿ ರಿಚರ್ಡ್ ಕೇನರ್ ಅವರ ತಂಡ 2003-04ರಲ್ಲಿ ಇದಕ್ಕೆ ಬೇರೊಂದು ದಾರಿ ಹಿಡಿಯಿತು. ಪಾಲಿಅನಿಲೀನನ್ನು ನಿಬಿಡ ಪದರವಾಗಿಸುವ ಬದಲು ಕೆಲವು ಹತ್ತು ನ್ಯಾನೊಮೀಟರ್ ದಪ್ಪದ ಎಳೆಗಳಾಗಿ ಬೆಳೆಸಿದರು. ಎಳೆಗಳ ನಡುವೆ ಸಂದು ಇರುವುದರಿಂದ ಪದರ ಎಷ್ಟೇ ದಪ್ಪವಿದ್ದರೂ ಅನಿಲ ಎಲ್ಲ ಎಳೆಗಳನ್ನೂ ಬೇಗ ಮುಟ್ಟುತ್ತದೆ.

ಅದೇ ಗುಂಪು 2005ರಲ್ಲಿ ಹೈಡ್ರೋಜನ್ ಸಲ್ಫೈಡಿನ ಬೆನ್ನು ಹತ್ತಿತು. ಅದು ದುರ್ಬಲ ಆಮ್ಲ. ಬರೀ ಪಾಲಿಅನಿಲೀನಿಗೆ ಅದರ ಸ್ಪರ್ಶ ತಿಳಿಯುವುದೇ ಕಡಿಮೆ. ಹಾಗಾಗಿ ಪದರದೊಳಗೆ ತಾಮ್ರದ ಕ್ಲೋರೈಡ್ ಸೇರಿಸಿದರು. ಹೈಡ್ರೋಜನ್ ಸಲ್ಫೈಡ್ ತಾಮ್ರದೊಂದಿಗೆ ಕೂಡಿ ತಾಮ್ರದ ಸಲ್ಫೈಡ್ ಆಗುತ್ತದೆ, ಬಿಡುಗಡೆಯಾದ ಹೈಡ್ರೋಕ್ಲೋರಿಕ್ ಆಮ್ಲ ಪಾಲಿಮರಿಗೆ ಪ್ರೋಟಾನ್ ಕೊಡುತ್ತದೆ, ರೋಧ ಇಳಿಯುತ್ತದೆ. ಪದರಕ್ಕೆ ಅರ್ಥವಾಗದ ಅನಿಲವನ್ನು ಅರ್ಥವಾಗುವ ಆಮ್ಲಕ್ಕೆ ಬದಲಿಸಿಕೊಡುವ ಜಾಣತನ. ತಾಮ್ರ ಒಮ್ಮೆ ಸಲ್ಫೈಡ್ ಆದ ಮೇಲೆ ಹಿಂದಿರುಗುವುದಿಲ್ಲ, ಆದ್ದರಿಂದ ಇದು ಬಳಸಿ ಬಿಸಾಡುವ ಸೆನ್ಸರು ಎನ್ನುವುದೂ ನಿಜ.

ನಮ್ಮ ಕಡೆಯ ಕೆಲಸ ಕಡಿಮೆಯೇನಲ್ಲ. ಗುಲ್ಬರ್ಗ ವಿಶ್ವವಿದ್ಯಾಲಯದಲ್ಲಿ ಎಂ.ವಿ.ಎನ್. ಅಂಬಿಕಾ ಪ್ರಸಾದ್ ಮತ್ತು ಸಂಗಡಿಗರು ಪಾಲಿಅನಿಲೀನಿನ ಮಿಶ್ರಣಗಳ ಬಗ್ಗೆ ವರ್ಷಗಟ್ಟಲೆ ದುಡಿದರು. ಉಷ್ಣ ವಿದ್ಯುತ್ ಸ್ಥಾವರಗಳು ಗುಡ್ಡೆಹಾಕುವ ಹಾರುಬೂದಿಯನ್ನು ಪಾಲಿಅನಿಲೀನಿನಲ್ಲಿ ಬೆರೆಸಿ ವಾಹಕತೆ ಅಳೆದ ಅವರ ಪ್ರಬಂಧ 2003ರಲ್ಲಿ ಪ್ರಕಟವಾಯಿತು. ಗಡಿಯಾಚೆ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಸಿ.ಡಿ. ಲೋಖಂಡೆ ಅವರ ತಂಡ ಪಾಲಿಅನಿಲೀನ್ ಪದರವನ್ನು ಬೇರೊಂದು ಅರೆವಾಹಕದ ತೆಳುಪದರಕ್ಕೆ ಜೋಡಿಸಿ, ಆ ಸಂಧಿಯ ಮೂಲಕ ಅಡುಗೆ ಅನಿಲವನ್ನು ಕೋಣೆಯ ಉಷ್ಣತೆಯಲ್ಲೇ ಗುರುತಿಸಲು ನೋಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನವಕಾಂತ ಭಟ್ ಅವರ ತಂಡ ಹಿಡಿದದ್ದು ಆಕ್ಸೈಡಿನ ದಾರಿ. ಪಾಲಿಸ್ಟೈರೀನ್ ಮಣಿಗಳನ್ನು ಹರಡಿ, ಅವುಗಳ ಸಂದಿನಲ್ಲಿ ಸತುವಿನ ಆಕ್ಸೈಡ್ ತುಂಬಿ, ಮಣಿಗಳನ್ನು ತೆಗೆದುಹಾಕಿ ಉಳಿದ ಜೇನುಗೂಡಿನಂಥ ಪದರದಿಂದ ಅರ್ಧ ಪಿಪಿಎಂನಷ್ಟು ಕಾರ್ಬನ್ ಮಾನಾಕ್ಸೈಡನ್ನು ಹಿಡಿದರು. ಭಟ್ ಅವರಿಗೆ 2018ರ ಇನ್ಫೋಸಿಸ್ ಪ್ರಶಸ್ತಿ ಸಂದದ್ದಕ್ಕೆ ಜೈವಿಕ ಸೆನ್ಸರುಗಳ ಜತೆ ಈ ಅನಿಲ ಸೆನ್ಸರುಗಳೂ ಕಾರಣ.

ಕಾಸರಗೋಡಿಗೆ ಇದರಿಂದ ಏನು? ಪಾಲಿಅನಿಲೀನಿಗೆ ಚೆನ್ನಾಗಿ ತಿಳಿಯುವುದು ಅಮೋನಿಯ ಮತ್ತು ಅದರ ಬಳಗದ ಅಮೀನುಗಳು. ಈ ಜಿಲ್ಲೆಯಲ್ಲಿ ಅಮೋನಿಯ ಇರುವ ಜಾಗಗಳನ್ನು ಹುಡುಕಬೇಕಾಗಿಲ್ಲ. ಕರಾವಳಿಯ ಐಸ್ ಪ್ಲಾಂಟುಗಳಲ್ಲಿ ತಂಪು ಹುಟ್ಟಿಸುವ ದ್ರವವೇ ಅಮೋನಿಯ. ವೆಳ್ಳರಿಕುಂಡ್, ಪನತ್ತಡಿ ಕಡೆಯ ಗುಡ್ಡಗಳ ರಬ್ಬರ್ ಹಾಲು ಹೆಪ್ಪುಗಟ್ಟದಂತೆ ಕಾಪಾಡುವುದೂ ಅಮೋನಿಯವೇ. ಸಾಂದ್ರಗೊಳಿಸಿದ ಹಾಲಿನಲ್ಲಿ ಸಾಮಾನ್ಯವಾಗಿ ಶೇಕಡಾ 0.7ರ ಸುಮಾರಿಗೆ ಇರುತ್ತದೆ. ದಿನಕ್ಕೆ ಎಂಟು ಗಂಟೆ ಕೆಲಸ ಮಾಡುವ ಜಾಗದಲ್ಲಿ ಅಮೋನಿಯ 25 ಪಿಪಿಎಂ ಮೀರಬಾರದೆಂದು ಲೆಕ್ಕ. ಅಲ್ಲಿ ದಿನವೂ ಕೆಲಸ ಮಾಡುವವರಿಗೆ ಮೂಗು ಒಗ್ಗಿಹೋಗಿರುತ್ತದೆ, ಎಷ್ಟು ಹೆಚ್ಚಾಯಿತೆಂದು ಹೇಳಲಾರದು.

ಆಮೇಲೆ ಮೀನು. ಬಂಗುಡೆ, ಬೂತಾಯಿಯಂಥ ಸಮುದ್ರದ ಮೀನಿನ ಮೈಯಲ್ಲಿ ಟ್ರೈಮೀಥೈಲಮೀನ್ ಆಕ್ಸೈಡ್ ಇರುತ್ತದೆ. ಸತ್ತ ಮೇಲೆ ಬ್ಯಾಕ್ಟೀರಿಯಗಳು ಅದನ್ನು ಟ್ರೈಮೀಥೈಲಮೀನ್ ಆಗಿ ಒಡೆಯುತ್ತವೆ. ‘ಮೀನು ನಾರುತ್ತಿದೆ’ ಎನ್ನುವಾಗ ನಾವು ಮೂಸುವುದು ಮುಖ್ಯವಾಗಿ ಇದನ್ನೇ. ಇದೂ ಪ್ರತ್ಯಾಮ್ಲ, ಹಸಿರು ಪದರವನ್ನು ನೀಲಿಗೆ ತಿರುಗಿಸುತ್ತದೆ. 2012ರಲ್ಲಿ ಇಂಡೊನೇಷ್ಯದ ಸಂಶೋಧಕರು ಮೀನಿನ ಪೊಟ್ಟಣದೊಳಗೆ ಅಂಟಿಸುವ ಪಾಲಿಅನಿಲೀನ್ ಚೀಟಿಯನ್ನು ತಯಾರಿಸಿ ತೋರಿಸಿದರು. ಮಂಜೇಶ್ವರದಲ್ಲೋ ಕಾಸರಗೋಡು ಪೇಟೆಯಲ್ಲೋ ಕಿವಿರು ಎತ್ತಿ ನೋಡಿ ಮೀನು ಕೊಳ್ಳುವವರಿಗೆ ಈ ಚೀಟಿ ಬೇಡ. ಪೊಟ್ಟಣದಲ್ಲಿ ಮುಚ್ಚಿ ದೂರದ ಊರಿಗೆ ಹೋಗುವ ಮೀನಿಗೆ ಬೇಕು. ಒಂದು ಎಚ್ಚರಿಕೆ ಇದೆ: ಬಂಗುಡೆ ಸರಿಯಾಗಿ ತಂಪಿನಲ್ಲಿಡದಿದ್ದರೆ ಹುಟ್ಟುವ ಹಿಸ್ಟಮೀನ್ ಸುಲಭವಾಗಿ ಆವಿಯಾಗುವ ವಸ್ತುವಲ್ಲ. ಚೀಟಿ ಹಸಿರಾಗಿಯೇ ಇದ್ದು ಮೀನು ಮೈಗೆ ತುರಿಕೆ ತರಬಹುದು.

ಇನ್ನು ಮಳೆ. ಪ್ರಬಂಧಗಳಲ್ಲಿ ಪಾಲಿಅನಿಲೀನ್ ಸೆನ್ಸರುಗಳ ನಕ್ಷೆ ಬಹಳ ಚಂದ: ಅನಿಲ ಬಿಟ್ಟಾಗ ಗೆರೆ ನೆಟ್ಟಗೆ ಏರುತ್ತದೆ, ನಿಲ್ಲಿಸಿದಾಗ ನೆಟ್ಟಗೆ ಇಳಿಯುತ್ತದೆ. ಬಹುಪಾಲು ಅವು ಸಿಲಿಂಡರಿನಿಂದ ಬಂದ ಒಣಗಾಳಿಯಲ್ಲಿ ಅಳೆದವು. ಪಾಲಿಅನಿಲೀನಿಗೆ ನೀರಿನ ಆವಿಯೂ ತಿಳಿಯುತ್ತದೆ. ನೀರಿನಣು ಪ್ರೋಟಾನ್ ಓಡಾಟಕ್ಕೆ ನೆರವಾಗಿ ರೋಧ ಇಳಿಸುತ್ತದೆ. ಅದೇ ಗುಣವನ್ನು ಉಪಯೋಗಿಸಿ ತೇವಾಂಶ ಅಳೆಯುವ ಸೆನ್ಸರುಗಳನ್ನೂ ಮಾಡುತ್ತಾರೆ. ಗುಲ್ಬರ್ಗ ವಿಶ್ವವಿದ್ಯಾಲಯ ಇರುವ ಕಲಬುರಗಿಯಲ್ಲಿ ವರ್ಷಕ್ಕೆ ಎಂಟುನೂರು ಮಿಲಿಮೀಟರ್ ಆಸುಪಾಸು ಮಳೆ, ಕಾಸರಗೋಡಿನಲ್ಲಿ ಮೂರು ಸಾವಿರ ದಾಟುತ್ತದೆ. ಆಟಿ ತಿಂಗಳಲ್ಲಿ ಉಪ್ಪು ನೀರಾಗುವ, ಪುಸ್ತಕಕ್ಕೆ ಬೂಸಲು ಹಿಡಿಯುವ ಗಾಳಿಯಲ್ಲಿ ಅಮೋನಿಯ ರೋಧವನ್ನು ಏರಿಸುತ್ತಿದ್ದರೆ ತೇವ ಇಳಿಸುತ್ತಿರುತ್ತದೆ. ಎರಡೂ ಸೇರಿ ಗೆರೆ ಅಲುಗಾಡದೆ ಇದ್ದುಬಿಡಬಹುದು. ಅದು ಕೆಟ್ಟ ಸೆನ್ಸರಿಗಿಂತಲೂ ಕೆಟ್ಟದ್ದು. ಪದರದಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ನಿಧಾನವಾಗಿ ಆವಿಯಾಗುವುದು ಇನ್ನೊಂದು ಕಾಯಿಲೆ. ಅಮೋನಿಯದೊಂದಿಗೆ ಸೇರಿ ಅಮೋನಿಯಂ ಕ್ಲೋರೈಡ್ ಆಗಿ ಪದರದಲ್ಲೇ ಕೂರುವುದೂ ಇದೆ. ಅದಕ್ಕಾಗಿ ಕರ್ಪೂರದಿಂದ ತಯಾರಾಗುವ ಕ್ಯಾಂಫರ್ ಸಲ್ಫೋನಿಕ್ ಆಮ್ಲದಂಥ, ಬೇಗ ಹಾರಿಹೋಗದ ದೊಡ್ಡ ಅಣುಗಳನ್ನು ಬಳಸುತ್ತಾರೆ. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಇನ್ನೊಂದು ಹೊಸ ಮಿಶ್ರಣಕ್ಕಿಂತ ಇರುವ ಮಿಶ್ರಣಗಳನ್ನು ಒಂದು ಮಳೆಗಾಲ ಹೊರಗೆ ತೂಗುಹಾಕಿ ನೋಡುವುದು ಹೆಚ್ಚು ಬೆಲೆಯ ಕೆಲಸ. ಅಂಥ ಪ್ರಬಂಧದ ನಕ್ಷೆ ಚಂದ ಇರುವುದಿಲ್ಲ, ಆದ್ದರಿಂದ ಬರೆಯುವವರು ಕಡಿಮೆ.

ಅಳತೆ ತಡವಾಗುವುದೆಂದರೇನೆಂದು ಈ ಜಿಲ್ಲೆಗೆ ವಿವರಿಸಬೇಕಾಗಿಲ್ಲ. ಪೆರ್ಲ ಹತ್ತಿರದ ಪಡ್ರೆ ಸುತ್ತಮುತ್ತ ಗೇರುತೋಟಗಳ ಮೇಲೆ ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಮಣ್ಣು, ನೀರು, ರಕ್ತದ ಮಾದರಿಗಳು ದೆಹಲಿಯ ಪ್ರಯೋಗಾಲಯಕ್ಕೆ ಹೋಗಿ ಅಂಕಿ ಹೊರಬಿದ್ದದ್ದು 2001ರಲ್ಲಿ. ಪಾಲಿಅನಿಲೀನಿನ ಪದರಕ್ಕೆ ಎಂಡೋಸಲ್ಫಾನ್ ತಿಳಿಯುವುದಿಲ್ಲ, ಎಲ್ಲ ವಿಷಕ್ಕೂ ಒಂದೇ ಸೆನ್ಸರು ಎಂದು ಮಾರುವವರನ್ನು ನಂಬಲೂಬಾರದು.

ಬಾವಿಯ ವಿಷಯಕ್ಕೆ ಬಂದರೂ ಅಷ್ಟೆ. ‘ಬಾವಿಯಲ್ಲಿ ಗ್ಯಾಸ್ ಇತ್ತು’ ಎಂದು ಪೇಪರಿನಲ್ಲಿ ಬರುತ್ತದೆ. ಹೆಚ್ಚಿನ ಸಲ ಅಲ್ಲಿ ಇದ್ದದ್ದಕ್ಕಿಂತ ಇಲ್ಲದ್ದೇ ಕೊಂದಿರುತ್ತದೆ. ಕೊಳೆಯುವ ಎಲೆ, ಬೇರು, ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕ ಬಳಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಅದು ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ವಾಯುಭಾರ ಕುಸಿದ ದಿನ ಮಣ್ಣಿನ ಸಂದುಗಳೊಳಗಿನ ಗಾಳಿ ಬಾವಿಗೆ ಹರಿದು ಬರುವುದೂ ಉಂಟು. ನಿನ್ನೆ ಇಳಿದವರು ಸುಖವಾಗಿ ಬಂದರೆಂಬುದು ಇವತ್ತಿಗೆ ಪುರಾವೆ ಅಲ್ಲ. ಇಲ್ಲಿ ಬೇಕಾದದ್ದು ಆಮ್ಲಜನಕವನ್ನೇ ನೇರ ಅಳೆಯುವ ವಿದ್ಯುತ್‌ರಾಸಾಯನಿಕ ಸೆಲ್. ಆಮ್ಲಜನಕ, ಉರಿಯುವ ಅನಿಲ, ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ನಾಲ್ಕನ್ನೂ ಅಳೆಯುವ, ಅಂಗಿಗೆ ಸಿಕ್ಕಿಸುವ ಮೀಟರುಗಳು ಮಾರುಕಟ್ಟೆಯಲ್ಲಿವೆ. ಬೆಲೆ ಹತ್ತಾರು ಸಾವಿರ. ಒಳಗಿನ ಆಮ್ಲಜನಕದ ಸೆಲ್ಲಿಗೆ ಎರಡು ಮೂರು ವರ್ಷದ ಆಯುಷ್ಯ, ನಡುನಡುವೆ ಗೊತ್ತಿರುವ ಅನಿಲದಿಂದ ಸರಿಹೊಂದಿಸಬೇಕು. ಬಾವಿ ಕೆಲಸದವನೊಬ್ಬ ಕೊಳ್ಳಲಾರ. ಪಂಚಾಯತು ಒಂದನ್ನು ಕೊಂಡು, ಬೇಕೆಂದವರಿಗೆ ಕೊಟ್ಟು, ಸೆಲ್ ಬದಲಿಸುವ ಲೆಕ್ಕ ಇಟ್ಟುಕೊಳ್ಳಬಹುದು. ಮನುಷ್ಯ ಇಳಿಯುವ ಮೊದಲು ಹಗ್ಗದಲ್ಲಿ ಅದನ್ನು ಕಟ್ಟಿ ತಳದವರೆಗೆ ಬಿಟ್ಟು ಒಂದೆರಡು ನಿಮಿಷ ಕಾಯಬೇಕು.

ಹಸಿರು ಪದರದ ಕೆಲಸ ಐಸ್ ಪ್ಲಾಂಟಿನಲ್ಲಿ, ರಬ್ಬರ್ ಹಾಲಿನ ಶೆಡ್ಡಿನಲ್ಲಿ, ಮೀನಿನ ಪೊಟ್ಟಣದಲ್ಲಿ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರವೂ ಇದೆ, ರಸಾಯನಶಾಸ್ತ್ರವೂ ಇದೆ, ಸಮುದ್ರವೂ ದೂರವಿಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ಯಾವುದಾದರೂ ಐಸ್ ಪ್ಲಾಂಟಿನ ಗೋಡೆಗೆ ಎರಡು ಪದರ ತೂಗುಹಾಕಲಿ: ಒಂದು ಬರಿಯದು, ಇನ್ನೊಂದರ ಮೇಲೆ ನೀರಹನಿ ತಾಗದಂತೆ ಟೆಫ್ಲಾನ್ ಪೊರೆ. ಪಕ್ಕದಲ್ಲಿ ಒಂದು ತೇವಾಂಶ ಮಾಪಕ, ಹೋಲಿಸಿ ನೋಡಲು ಅಂಗಡಿಯಿಂದ ತಂದ ಒಂದು ಅಮೋನಿಯ ಮೀಟರು. ಗಂಟೆಗೊಮ್ಮೆ ನಾಲ್ಕರ ಅಂಕಿಯನ್ನೂ ಬರೆದಿಡಲು ಈಗ ಮನುಷ್ಯರೂ ಬೇಕಾಗಿಲ್ಲ, ಸಾವಿರ ರೂಪಾಯಿಯೊಳಗಿನ ಒಂದು ಆರ್ಡುಯಿನೊ ಬೋರ್ಡ್ ಸಾಕು.